ಪಾವು ಬಿಟ್ಟವಳ ರಕ್ತ

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ರಕ್ತ, ಮೂತ್ರ, ಕಫ ಪರೀಕ್ಷೆ ಮಾಡುವ ಕೆಲಸವನ್ನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಶೆಟಗೇರಿಯಿಂದ ಕಾರವಾರಕ್ಕೆ ಬಂದು ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಗಾಜಿನ ನಳಿಗೆ ತೊಳೆಯಲು ಸೇರಿದವನು, ತೊಳೆಯುತ್ತ, ನೋಡುತ್ತ ಕಲಿತೆ. ಈಗ ಆ ಕೆಲಸಕ್ಕೆ ಡಿಪ್ಲೊಮಾ ಮಾಡಿದ ಮಕ್ಕಳು ಬರುತ್ತಾರೆ. ನನ್ನ ಜಾಗಕ್ಕೆ ಬಂದ ಹುಡುಗಿ, "ನೀವು ಕಂಡದ್ದನ್ನ ಬರೆದು ಕೊಡಿ ಸರ್, ಪುಸ್ತಕದಲ್ಲಿ ಇಲ್ಲದ್ದು ಇರ್ತದಲ್ಲ" ಎಂದು ಕೇಳಿದಳು. ಬರೆಯಲು ಕೂತರೆ ನೆನಪಿಗೆ ಬರುವುದು ಹೆಚ್ಚಾಗಿ ನನ್ನ ತಪ್ಪುಗಳೇ. ಅವನ್ನೇ ಬರೆಯುತ್ತೇನೆ.

ನಾನು ಸೇರಿದಾಗ ಮೂತ್ರದ ಸಕ್ಕರೆ ನೋಡಲು ಸ್ಪಿರಿಟ್ ದೀಪದ ಮೇಲೆ ನೀಲಿ ದ್ರಾವಣ ಕುದಿಸುತ್ತಿದ್ದೆವು. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಬಣ್ಣ ಬಂದರೆ ಬಹಳ. ರಕ್ತದ ಕಣಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಎಣಿಸುತ್ತಿದ್ದೆವು. ಆಮೇಲೆ ಯಂತ್ರಗಳು ಬಂದವು. ಒಂದು ಹನಿ ಹಾಕಿದರೆ ಇಪ್ಪತ್ತು ಅಂಕಿಗಳ ಚೀಟಿ ಹೊರಗೆ ಬರುತ್ತದೆ. ಯಂತ್ರ ಬಂದ ಮೇಲೆ ಕಣ್ಣಿನ ಕೆಲಸ ಕಡಿಮೆಯಾಯಿತು. ಕಿವಿಯ ಕೆಲಸ ಮೊದಲಿನಷ್ಟೇ ಇತ್ತು. ನಾನು ಅದನ್ನೂ ಕಡಿಮೆ ಮಾಡಿಕೊಂಡೆ.

ಆಸ್ಪತ್ರೆಯನ್ನು ಕಟ್ಟಿದ ಹಳೆಯ ಡಾಕ್ಟರು ಈ ಕಿವಿಯ ಕೆಲಸವನ್ನು ನನಗೆ ಮೊದಲ ವರ್ಷವೇ ಕಲಿಸಿದ್ದರು. ಬಂದರು ಕಚೇರಿಯಿಂದ ನಿವೃತ್ತರಾದ ಗುಮಾಸ್ತರೊಬ್ಬರು ಬೆಳಿಗ್ಗೆ ಸಕ್ಕರೆ ಪರೀಕ್ಷೆಗೆ ಬಂದಿದ್ದರು. ಖಾಲಿ ಹೊಟ್ಟೆಯೇ ಎಂದು ಕೇಳಿದೆ. ಹೌದೆಂದರು. ಸಕ್ಕರೆ ವಿಪರೀತ ಬಂತು. ಡಾಕ್ಟರು ಅವರನ್ನು ಕರೆಸಿ, "ಬೆಳಿಗ್ಗೆ ಎಂತ ತಗೊಂಡ್ರಿ?" ಎಂದು ಕೇಳಿದರು.

"ಎಂತದೂ ಇಲ್ಲ ಡಾಕ್ಟ್ರೆ. ಚಾ, ಎರಡು ಪಾವು, ಸ್ವಲ್ಪ ಬಾಜಿ."

"ಮತ್ತೆ ಖಾಲಿ ಹೊಟ್ಟೆ ಅಂದ್ರಂತಲ್ಲ?"

"ಅದು ಚಾ ಕುಡ್ದದ್ದು ಅಲ್ರಾ. ಊಟ ಎಲ್ಲಿ ಮಾಡಿದೆ?"

ನಮ್ಮ ಕಡೆ ಅನ್ನವೋ ಗಂಜಿಯೋ ಹೊಟ್ಟೆಗೆ ಬೀಳದಿದ್ದರೆ ತಿಂದ ಲೆಕ್ಕಕ್ಕೆ ಬರುವುದಿಲ್ಲ. ಬೆಳಿಗ್ಗೆ ಬೇಕರಿಯಿಂದ ಬರುವ ಬಿಸಿ ಪಾವು, ಸಂಜೆಯ ಟೋಸ್ಟು, ಬಿಸ್ಕೀಟು ಇವೆಲ್ಲ ಚಹಾದ ಜೊತೆ ಹೋಗುವಂಥವು. ಗುಮಾಸ್ತರು ಸುಳ್ಳು ಹೇಳಿರಲಿಲ್ಲ. ಅವರು ಹೋದ ಮೇಲೆ ಡಾಕ್ಟರು ನನಗೆ, "ಉಂಡ್ರಾ ಅಂತ ಕೇಳ್ಬೇಡ. ಬಾಯಿಗೆ ಎಂತೆಂತ ಹೋಯ್ತು ಅಂತ ಕೇಳು" ಎಂದರು. ನಾನು ಆ ಮಾತನ್ನು ಸಕ್ಕರೆ ಪರೀಕ್ಷೆಗೆ ಮಾತ್ರ ಎಂದು ತಿಳಿದುಕೊಂಡೆ.

ಇನ್ನೊಮ್ಮೆ ಒಂದೇ ಹೆಸರಿನ ಇಬ್ಬರ ಬಾಟಲಿಗಳನ್ನು ಅದಲುಬದಲು ಮಾಡಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿಗೆ ಗರ್ಭ ನಿಂತಿದೆ ಎಂಬ ಚೀಟಿ ಕೊಟ್ಟಿದ್ದೆ. ಅಜ್ಜಿ ಅದನ್ನು ಮೊಮ್ಮಗನ ಕೈಲಿ ಓದಿಸಿಕೊಂಡು, ಮರುದಿನ ನನ್ನ ಮೇಜಿನ ಮೇಲಿಟ್ಟು, "ಮಗನೇ, ಇದರ ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು" ಎಂದರು. ಇಡೀ ಆಸ್ಪತ್ರೆ ನಕ್ಕಿತು. ನಾನೂ ನಕ್ಕೆ. ಹೀಗೆ ನಕ್ಕು ಮುಗಿಸಬಹುದಾದ ತಪ್ಪುಗಳು ಎಷ್ಟೋ ಆಗಿವೆ. ಮುಂದೆ ಬರೆಯುವುದು ಆ ಜಾತಿಯದಲ್ಲ.

ಕೆಲಸದ ಕೊನೆಯ ಹತ್ತು ವರ್ಷ ವಾರಕ್ಕೆ ಮೂರು ದಿನ ನನ್ನನ್ನು ಅಂಕೋಲೆಗೆ ಕಳಿಸುತ್ತಿದ್ದರು. ಅಲ್ಲಿ ರಕ್ತ ತೆಗೆದುಕೊಳ್ಳಲು ನಮ್ಮದೊಂದು ಸಣ್ಣ ಕೋಣೆ ಇತ್ತು. ಸಾಮಾನ್ಯ ಪರೀಕ್ಷೆಗಳು ಕಾರವಾರದಲ್ಲೇ ಆಗುತ್ತಿದ್ದವು. ವಿಶೇಷ ಪರೀಕ್ಷೆಯ ರಕ್ತ ಮಾತ್ರ ಹೊರ ಊರಿನ ದೊಡ್ಡ ಲ್ಯಾಬಿಗೆ ಹೋಗುತ್ತಿತ್ತು. ಅದರ ಜೊತೆ ಒಂದು ಫಾರ್ಮು ಹೋಗಬೇಕು. ಫಾರ್ಮಿನಲ್ಲಿ ಆಹಾರದ್ದೊಂದು ಸಾಲಿತ್ತು: ಸಾಮಾನ್ಯ ಅಥವಾ ಪಥ್ಯ. ಪಥ್ಯವಾದರೆ ಯಾವುದು, ಎಷ್ಟು ದಿನದಿಂದ ಎಂದು ಬರೆಯಬೇಕು. ಬೆಳಿಗ್ಗೆ ಜನ ಬರುವ ಮೊದಲೇ ನಾನು ಹತ್ತಿಪ್ಪತ್ತು ಫಾರ್ಮುಗಳಿಗೆ ಒಟ್ಟಿಗೆ 'ಸಾಮಾನ್ಯ' ಎಂದು ಗುರುತು ಹಾಕಿಡುತ್ತಿದ್ದೆ. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ. ಬೇಗ ಮುಗಿಯುತ್ತಿತ್ತು, ಅಷ್ಟೇ.

ಒಂದು ವರ್ಷ ಚೌತಿ ಕಳೆದ ವಾರ ಹಾರವಾಡದ ನಾಗವೇಣಿ ಮಗಳನ್ನು ಕರೆದುಕೊಂಡು ಬಂದಳು. ಅವಳ ಗಂಡ ದೋಣಿಯಲ್ಲಿ ಹೋಗುತ್ತಿದ್ದ, ಅವಳು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ನಾನು ಅವಳ ಹಳೆಯ ಗಿರಾಕಿ, ಅವಳು ನನ್ನ ಹಳೆಯ ಗಿರಾಕಿ. ಮಗಳು ಅಶ್ವಿನಿ ಹತ್ತನೇ ತರಗತಿಯಲ್ಲಿದ್ದಳು. ನೋಡಿದರೆ ಏಳನೆಯದರಲ್ಲಿ ಓದುವವಳ ಹಾಗಿದ್ದಳು. ಚಿಕ್ಕಂದಿನಿಂದ ಹೊಟ್ಟೆ ಉಬ್ಬರ, ಭೇದಿ. ಎಷ್ಟು ಕಬ್ಬಿಣದ ಮಾತ್ರೆ ಕೊಟ್ಟರೂ ರಕ್ತ ಏರುತ್ತಿರಲಿಲ್ಲ. ಅಂಕೋಲೆಯ ಡಾಕ್ಟರೊಬ್ಬರು ಸೀಲಿಯಾಕ್ ಇರಬಹುದೇ ನೋಡೋಣ ಎಂದು ಬರೆದುಕೊಟ್ಟಿದ್ದರು. ಗೋಧಿಯಲ್ಲಿ, ಅದರಿಂದಾಗುವ ಮೈದಾ, ರವೆಯಲ್ಲಿ ಇರುವ ಗ್ಲುಟನ್ ಎಂಬ ಅಂಶ ಕೆಲವರ ಕರುಳನ್ನು ಸವೆಸುತ್ತದೆ. ಆ ಕಾಯಿಲೆಯ ಹೆಸರು ಸೀಲಿಯಾಕ್.

ಸೂಜಿ ಚುಚ್ಚುವಾಗ ನಾಗವೇಣಿ ನನ್ನ ಹತ್ತಿರ ಸರಿದು ದನಿ ತಗ್ಗಿಸಿದಳು.

"ನಾಯ್ಕರೆ, ಒಂದ್ ಮಾತು. ಇವ್ಳು ಪಾವು, ಬಿಸ್ಕೀಟು, ಟೋಸ್ಟು ಬಿಟ್ಟು ಒಂದೂವರೆ ವರ್ಷ ಆಯ್ತು. ರವೆ ಹಚ್ಚಿ ಹುರ್ದ ಮೀನೂ ಕೊಡುದಿಲ್ಲ. ಹೊಟ್ಟೆ ಈಗ ಬೇಸಿದೆ, ಉಬ್ಬರ ಇಲ್ಲ. ರಕ್ತ ಒಂದೇ ಪೂರ್ತಿ ಏರ್ಲಿಲ್ಲ."

"ಯಾರು ಬಿಡಿಸಿದ್ದು?"

"ನನ್ನ ತಂಗಿ ಚೆಂಡಿಯಾದಲ್ಲಿ ಉಂಟಲ್ಲ, ಅವ್ಳು ಅರ್ಗಾದ ನೇವಿಯವ್ರ ಮನೆಗೆ ಪಾತ್ರೆ ತೊಳೂಕೆ ಹೋಗ್ತಾಳೆ. ಅಲ್ಲಿ ಪಂಜಾಬಿ ಬಾಯಿ ಮಗನಿಗೆ ಹೀಂಗೇ ಇತ್ತಂತೆ. ಅವ್ರು ಹೇಳದ್ದು."

"ಡಾಕ್ಟ್ರಿಗೆ ಹೇಳಿದ್ಯಾ?"

"ಇಲ್ಲ. ಪಾತ್ರೆ ತೊಳೆವವ್ರ ಮಾತು ಕೇಳಿ ಔಷಧ ಮಾಡ್ತ್ಯಾ ಅಂತ ಬೈದ್ರೆ? ನಿಮ್ಮ ಹತ್ರ ಹೇಳ್ತಿದ್ದೆ. ನೀವೇ ಬರ್ಕಣಿ."

ಬರೆದುಕೊಳ್ಳಲಿಲ್ಲ. ಗುರುತು ಹಾಕಿದ ಫಾರ್ಮು ಎದುರಿಗೇ ಇತ್ತು. "ಅದೆಲ್ಲ ಬೇಕಾಗುದಿಲ್ಲ. ಅನ್ನ, ಮೀನು ತಿನ್ನುವವ್ರಿಗೆ ಇದೆಲ್ಲಿಂದ ಬರ್ಬೇಕು? ಇದ್ದರೆ ರಕ್ತವೇ ಹೇಳ್ತದೆ" ಎಂದೆ. ಹಿಂದೆ ಆರು ಜನ ಕಾಯುತ್ತಿದ್ದರು.

ವಾರದ ನಂತರ ವರದಿ ಬಂತು. ಇಲ್ಲ ಎಂದಿತ್ತು. ನಮ್ಮ ಕಡೆಯವರು ವರದಿಯನ್ನು ಕೈಗೆ ಕೊಟ್ಟ ಕೂಡಲೇ ಬಿಚ್ಚಿ, "ಎಂತ ಬಂದದೆ?" ಎಂದು ನಮ್ಮನ್ನೇ ಕೇಳುತ್ತಾರೆ. ಅದು ಡಾಕ್ಟರ ಕೆಲಸ ಎಂದು ಹೇಳಬೇಕು. ನಾನು ಹೇಳುತ್ತಿರಲಿಲ್ಲ. ಅಷ್ಟು ವರ್ಷ ಅಂಕಿ ನೋಡಿದ ಮೇಲೆ ನನಗೂ ನಾಲ್ಕು ಮಾತು ಗೊತ್ತು ಎಂಬ ಹೆಮ್ಮೆ ಇತ್ತು. ನಾಗವೇಣಿ ಕೇಳಿದಾಗ, "ಎಂತ ಇಲ್ಲ. ಪಾವು ತಿನ್ಲಿ, ಬಿಸ್ಕೀಟು ತಿನ್ಲಿ. ಮಕ್ಕಳನ್ನ ಸುಮ್ಮನೆ ಉಪವಾಸ ಹಾಕ್ಬೇಡ" ಎಂದೆ. ಫಾರ್ಮಿನಲ್ಲಿದ್ದ 'ಸಾಮಾನ್ಯ' ವರದಿಯಲ್ಲೂ ಹಾಗೇ ಬಂದದ್ದರಿಂದ ಅಂಕೋಲೆಯ ಡಾಕ್ಟರೂ ಆ ಕಾಯಿಲೆಯನ್ನು ಬಿಟ್ಟು ಬೇರೆ ಹುಡುಕಿದರು.

ಮುಂದಿನ ಹೋಳಿಯ ಹೊತ್ತಿಗೆ ಕಾರವಾರದ ಆಸ್ಪತ್ರೆಗೆ ಹೊಸದಾಗಿ ಹೆಂಗಸು ಡಾಕ್ಟರೊಬ್ಬರು, ನಾವು ಕರೆಯುವ ಹಾಗೆ ಡಾಕ್ಟರ್ ಬಾಯಿ, ಬಂದರು. ಮೇಲಿನ ಮಹಡಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು, ಕೆಳಗಿನ ಲ್ಯಾಬಿನ ಉಸ್ತುವಾರಿಯೂ ಅವರದೇ. ವಯಸ್ಸಿನಲ್ಲಿ ನನ್ನ ಮಗಳಷ್ಟು. ಒಂದು ದಿನ ಉತ್ತರದ ಕಡೆಯ ಹೆಂಗಸೊಬ್ಬರು ಅದೇ ಪರೀಕ್ಷೆಗೆ ಬಂದವರು, ತೋಳು ಮುಂದೆ ಚಾಚದೆ, ತಾನು ರೊಟ್ಟಿ ಬಿಟ್ಟು ವರ್ಷವಾಯಿತು, ಈಗ ಮಾಡಿದರೆ ಉಪಯೋಗವುಂಟೇ ಎಂದು ಕೇಳಿದರು. ಡಾಕ್ಟರ್ ಬಾಯಿ ಉಪಯೋಗವಿಲ್ಲ ಎಂದು ಅವರನ್ನು ಮೇಲೆ ಕರೆದುಕೊಂಡು ಹೋದರು. ಸಂಜೆ ನಮ್ಮನ್ನೆಲ್ಲ ಕೂರಿಸಿ ವಿವರಿಸಿದರು.

ಈ ಪರೀಕ್ಷೆ ಹುಡುಕುವುದು ಗೋಧಿಯ ವಿರುದ್ಧ ಮೈ ತಯಾರಿಸುವ ಒಂದು ವಸ್ತುವನ್ನು. ಗೋಧಿ ನಿಂತರೆ ಅದರ ತಯಾರಿಕೆಯೂ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಅದು ರಕ್ತದಿಂದ ಮಾಯವಾಗುತ್ತದೆ. ಕರುಳೂ ಮೆಲ್ಲಗೆ ಮಾಗುತ್ತದೆ, ಅದರ ಚೂರು ತೆಗೆದು ನೋಡಿದರೂ ಗುರುತು ಸಿಗದೆ ಹೋಗಬಹುದು. ಕಾಯಿಲೆ ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಪಥ್ಯದಲ್ಲಿರುವವರ ವರದಿಯಲ್ಲಿ 'ಇಲ್ಲ' ಎಂದು ಬಂದರೆ ಅದಕ್ಕೆ ಅರ್ಥವಿಲ್ಲ. ವಂಶವಾಹಿಯದೊಂದು ಪರೀಕ್ಷೆ ಇದೆ, ಅದಕ್ಕೆ ಏನು ತಿಂದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಆದರೆ ಅದು ಈ ಕಾಯಿಲೆ ಸಾಧ್ಯವಿಲ್ಲ ಎಂದು ಹೇಳಬಲ್ಲದೇ ಹೊರತು, ಇದೆ ಎಂದು ಹೇಳಲಾರದು. ಖಚಿತವಾಗಬೇಕಾದರೆ ಮತ್ತೆ ಆರೆಂಟು ವಾರ ಡಾಕ್ಟರ ಕಣ್ಗಾವಲಿನಲ್ಲಿ ಗೋಧಿ ತಿಂದು ಆಮೇಲೆ ರಕ್ತ ಕೊಡಬೇಕು. "ಅದಕ್ಕೇ ರಕ್ತ ತೆಗೆಯುವ ಮೊದಲು ಕೇಳಿ. ತಿನ್ನುತ್ತಿದ್ದಾರೆ ಅಂದರೆ, ಪರೀಕ್ಷೆ ಮುಗಿಯುವವರೆಗೆ ಬಿಡಬೇಡಿ ಅಂತ ಹೇಳಿ" ಎಂದರು.

ನಾಗವೇಣಿ ನನ್ನ ಹತ್ತಿರ ಸರಿದು ಹೇಳಿದ್ದು ಅಲ್ಲೇ ನೆನಪಾಯಿತು. ಪೂರ್ತಿ ನೆನಪಾಯಿತು, ರವೆಯ ಮೀನಿನ ಸಹಿತ.

ನಾನು ಏನೂ ಹೇಳಲಿಲ್ಲ. ಇದನ್ನೇ ಬರೆಯಬೇಕೆಂದು ಇಷ್ಟು ದೂರ ಬಂದಿದ್ದೇನೆ. ಮೊದಲನೆಯದು ಗೊತ್ತಿಲ್ಲದೆ, ಸೊಕ್ಕಿನಿಂದ ಮಾಡಿದ್ದು. ಎರಡನೆಯದು ಗೊತ್ತಿದ್ದೂ ಮಾಡಿದ್ದು. ನಿವೃತ್ತಿಗೆ ಒಂದು ವರ್ಷದ ಮೇಲೆ ಸ್ವಲ್ಪ ಉಳಿದಿತ್ತು. ನಿನ್ನೆ ಬಂದ ಡಾಕ್ಟರ ಎದುರು ತಲೆ ತಗ್ಗಿಸಲು ಮನಸ್ಸಾಗಲಿಲ್ಲ. ಹುಡುಗಿ ಚೆನ್ನಾಗಿಯೇ ಇರಬಹುದು, ಇಲ್ಲದಿದ್ದರೆ ನಾಗವೇಣಿ ಬರುತ್ತಿದ್ದಳು ಎಂದು ನನಗೆ ನಾನೇ ಹೇಳಿಕೊಂಡೆ. ಪೇಟೆಯಲ್ಲಿ ಅವಳು ಕೂರುವ ಸಾಲನ್ನು ಬಿಟ್ಟು ಆಚೆಯ ಸಾಲಿನಲ್ಲಿ ಮೀನು ಕೊಳ್ಳತೊಡಗಿದೆ.

ಮಳೆ ಶುರುವಾದಾಗ ಅಶ್ವಿನಿಯ ರಕ್ತ ಬಂತು. ನಾಗವೇಣಿ ನಾನು ಅಂಕೋಲೆಯಲ್ಲಿ ಇಲ್ಲದ ದಿನ ಮಗಳನ್ನು ಕರೆತಂದು ಕೊಡಿಸಿ ಹೋಗಿದ್ದಳು. ಹಿಮೋಗ್ಲೋಬಿನ್ ಆರೂವರೆ. ಆ ಅಂಕಿಯನ್ನು ನಾನೇ ದಾಖಲಿಸಿದೆ. ಆಗಲೂ ಬಾಯಿ ಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ತಾಯಿ ಮಗಳು ಇಬ್ಬರೂ ಅಂಕೋಲೆಯ ಕೋಣೆಗೆ ಬಂದು ಎದುರಿಗೇ ಕೂತರು. ಹುಡುಗಿ ಸ್ವಲ್ಪ ಚೇತರಿಸಿಕೊಂಡಿದ್ದಳು.

"ಏನು ನಾಯ್ಕರೆ, ಮೀನು ಬಿಟ್ರ್ಯಾ?" ನಾಗವೇಣಿ ಕೇಳಿದಳು. "ಪೇಟೆಲಿ ಕಾಣುದೇ ಇಲ್ಲ."

"ಹಾಗೇನಿಲ್ಲ."

"ಇವ್ಳು ಪಾವು ಬಿಟ್ಲು. ನೀವು ಹೇಳಿದ್ರಿ ಅಂತ ತಿನ್ಸಿದ್ದೆ, ಮಳೆಗಾಲದಲ್ಲಿ ಮತ್ತೆ ನಾನೇ ಬಿಡಿಸ್ದೆ. ನಿಮ್ಮ ರಕ್ತ ಎಂತದೇ ಹೇಳ್ಲಿ, ನಂಗೆ ಕಣ್ಣಿಲ್ವಾ? ತಿಂದದ್ದೆಲ್ಲ ಹೊರ್ಗೆ. ಹತ್ತನೇ ಪರೀಕ್ಷೆಗೆ ಕೂತ್ಕಳೂಕೂ ಆಗ್ಲಿಲ್ಲ, ಒಂದು ವರ್ಷ ಹೋಯ್ತು. ಕ್ಷಯ ಅಂದ್ರು, ಹುಳ ಅಂದ್ರು. ಈಗ ನಾಲ್ಕು ತಿಂಗಳಿಂದ ಬೇಸಿದ್ದಾಳೆ."

ಆ ದಿನದ ರಕ್ತವನ್ನು ಆಮೇಲೆ ಕಾರವಾರದಲ್ಲಿ ನೋಡಿದಾಗ ಹಿಮೋಗ್ಲೋಬಿನ್ ಒಂಬತ್ತು ದಾಟಿತ್ತು.

ಹೋಳಿಯ ಹೊತ್ತಿಗೆ ಹುಡುಗಿ ಪಾವು ತಿನ್ನುತ್ತಲೇ ಇದ್ದಳು. ಅಂದು ನಾನು ಬಾಯಿ ಬಿಟ್ಟಿದ್ದರೆ ಒಂದೇ ಒಂದು ನಳಿಗೆ ರಕ್ತದಲ್ಲಿ ಎಲ್ಲ ತಿಳಿಯುತ್ತಿತ್ತು. ಮಳೆ ಶುರುವಾದಾಗ ಹೇಳಿದ್ದರೂ ತಡವಾಗುತ್ತಿರಲಿಲ್ಲ. ಈಗ ಅವಳು ಮತ್ತೆ ಬಿಟ್ಟು ನಾಲ್ಕು ತಿಂಗಳು.

ಮಧ್ಯಾಹ್ನದ ಬಸ್ಸಿಗೆ ಕಾರವಾರಕ್ಕೆ ಹೋಗಿ ಡಾಕ್ಟರ್ ಬಾಯಿಯ ಎದುರು ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ.

"ಹೋಳಿಯಿಂದ ಗೊತ್ತಿತ್ತಾ ನಿಮಗೆ?" ಎಂದು ಮಾತ್ರ ಕೇಳಿದರು.

"ಗೊತ್ತಿತ್ತು."

"ಫೋನ್ ಮಾಡ್ಬೇಡಿ. ಮನೆಗೆ ಹೋಗಿ ಹೇಳಿ. ನಾನು ಹೇಳಿದೆ ಅಂತ ಹೇಳ್ಬೇಡಿ, ನೀವು ಮಾಡಿದ್ದನ್ನ ಹೇಳಿ. ಆಮೇಲೆ ಅವರನ್ನ ಕರ್ಕೊಂಡು ಬನ್ನಿ."

ಭಾನುವಾರ ಹಾರವಾಡಕ್ಕೆ ಹೋದೆ. ನಾಗವೇಣಿ ಅಂಗಳದಲ್ಲಿ ಮೀನು ಒಣಗಿಸುತ್ತಿದ್ದಳು. ಕೂರಲು ಮಣೆ ಕೊಟ್ಟಳು. ನಾನು ನಿಂತೇ ಹೇಳಿದೆ: ನೀನು ಹೇಳಿದ್ದನ್ನು ಬರೆಯಲಿಲ್ಲ, ಗೊತ್ತಿಲ್ಲದೆ ತಿನ್ನಿಸು ಎಂದೆ, ಗೊತ್ತಾದ ಮೇಲೂ ಎಂಟು ತಿಂಗಳು ಸುಮ್ಮನಿದ್ದೆ. ಅವಳು ಮೀನು ಹರಡುವುದನ್ನು ನಿಲ್ಲಿಸಲಿಲ್ಲ. ಎಲ್ಲ ಮುಗಿದ ಮೇಲೆ, "ನಾ ಹೇಳಿದ್ದೆ" ಎಂದಳು.

"ಹೌದು."

"ನಿಮ್ಮ ಕಿವಿ ಹತ್ರ ಬಂದು ಹೇಳಿದ್ದೆ."

"ಹೌದು."

"ಅದೇ ನಿಮ್ಮ ಮಗ್ಳಾಗಿದ್ರೆ?"

ಡಾಕ್ಟರ್ ಬಾಯಿಯನ್ನು ಒಮ್ಮೆ ಕಾಣಬೇಕು ಎಂದೆ. ಖಚಿತ ಮಾಡಲು ಹುಡುಗಿ ಮತ್ತೆ ಗೋಧಿ ತಿನ್ನಬೇಕಾದೀತು ಎಂದಾಗ ಅವಳು ಎದ್ದು ನಿಂತಳು. "ಎಂತಕೆ? ಬಿಟ್ರೆ ಬೇಸಿರ್ತಾಳೆ. ಸಾಕಲ್ಲ. ಹೆಸ್ರು ಕಟ್ಕಂಡು ಎಂತ ಮಾಡುದು? ತಿನ್ಸಿ ಅಂದವ್ರೂ ನೀವೇ, ಈಗ ಮತ್ತೆ ತಿನ್ಸಿ ಅನ್ನುವವ್ರೂ ನೀವೇ."

ಅವಳ ಮಾತು ನ್ಯಾಯವಾಗಿತ್ತು. ಆದರೂ ಆ ವಾರವೇ ಇಬ್ಬರೂ ಕಾರವಾರಕ್ಕೆ ಬಂದರು. ಡಾಕ್ಟರ್ ಬಾಯಿ ನನ್ನನ್ನೂ ಕೂರಿಸಿಕೊಂಡು ಮಾತಾಡಿದರು. ಪರೀಕ್ಷೆ ಮಾಡದೆ ಪಥ್ಯದಲ್ಲೇ ಇರುವುದೂ ಒಂದು ದಾರಿ, ಒತ್ತಾಯವಿಲ್ಲ ಎಂದರು. ಆದರೆ ಈ ಕಾಯಿಲೆಯಾದರೆ ಪಾವು, ಬಿಸ್ಕೀಟು ಬಿಟ್ಟರೆ ಸಾಲದು, ಜನ್ಮಪೂರ್ತಿ ಒಂದು ಚೂರೂ ಹೋಗಬಾರದು. ನಾವು ಸಾರಿಗೆ ಹಾಕುವ ಹಿಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಎಲುಬು ಸವೆದಿದೆಯೇ ನೋಡಬೇಕು, ವಂಶದಲ್ಲಿ ಬರುವುದರಿಂದ ಅವಳ ತಮ್ಮನನ್ನೂ ನೋಡಬೇಕು. ಕಾಯಿಲೆ ಅದಲ್ಲವಾದರೆ ಇಷ್ಟೆಲ್ಲ ಕಟ್ಟುಪಾಡು ವ್ಯರ್ಥ, ಬೇರೆ ಕಾರಣ ಹುಡುಕಬೇಕು.

ಆಗ ಅಶ್ವಿನಿ, "ನಾನು ನರ್ಸಿಂಗ್ ಮಾಡುದು. ಹಾಸ್ಟೆಲಿನಲ್ಲಿ ರಾತ್ರಿ ಚಪಾತಿ ಕೊಡ್ತಾರಂತೆ" ಎಂದಳು. "ನಂಗೆ ಆಗುದಿಲ್ಲ ಅಂದ್ರೆ ಸೊಕ್ಕು ಅಂತಾರೆ. ಮನೆಲಿ ಅಜ್ಜಿಯೇ ಅಂತಾಳೆ. ಚೀಟಿ ಇದ್ರೆ ಅನ್ನೂಕಾಗುದಿಲ್ಲ."

"ತಿಂದ್ರೆ ಹೊಟ್ಟೆ ಕೆಡ್ತದೆ, ಗೊತ್ತುಂಟಲ್ಲ?" ಡಾಕ್ಟರ್ ಬಾಯಿ ಕೇಳಿದರು.

"ಗೊತ್ತುಂಟು. ಎಲ್ರಿಗಿಂತ ನಂಗೇ ಹೆಚ್ಚು ಗೊತ್ತು." ನನ್ನ ಕಡೆ ತಿರುಗಿ, "ಆರು ವಾರ ನೀವೂ ತಿನ್ನಿ ನನ್ನ ಸಂಗ್ತಿಗೆ. ಆದ್ರೆ ನಿಮ್ಗೆ ಅದು ರುಚಿ ಆಗ್ತದೆ, ಅದೇ ಕಷ್ಟ" ಎಂದಳು. ತಾಯಿ ಮೊದಲ ಸಲ ನಕ್ಕಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು.

ಮೊದಲು ವಂಶವಾಹಿ ಪರೀಕ್ಷೆ ಮಾಡಿಸಿದರು. ಅದರಲ್ಲಿ ಇಲ್ಲ ಎಂದು ಬಂದಿದ್ದರೆ ಗೋಧಿ ತಿನ್ನುವ ಕಷ್ಟ ತಪ್ಪುತ್ತಿತ್ತು. ಸಾಧ್ಯತೆ ಇದೆ ಎಂದು ಬಂತು. ಹುಡುಗಿಯ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಕಾದು, ಏಪ್ರಿಲಿನಲ್ಲಿ ಪಾವು ಶುರು ಮಾಡಿದರು. ಮೊದಲು ದಿನಕ್ಕೆ ಅರ್ಧ, ಆಮೇಲೆ ಎರಡು. ವಾರಕ್ಕೊಮ್ಮೆ ನಾನು ಹಾರವಾಡಕ್ಕೆ ಹೋಗಿ ಎಷ್ಟು ತಿಂದಳು, ಏನಾಯಿತು, ತೂಕ ಎಷ್ಟು ಎಂದು ಬರೆದು ತಂದು ಡಾಕ್ಟರಿಗೆ ಕೊಡುತ್ತಿದ್ದೆ. ಮೂರನೇ ವಾರದಿಂದ ಹೊಟ್ಟೆ ಊದಿಕೊಂಡಿತು. ಬಾಯಲ್ಲಿ ಹುಣ್ಣಾಯಿತು. ಅವಳು ಪಾವನ್ನು ಚೂರು ಚೂರು ಮಾಡಿ, ಕಣ್ಣು ಮುಚ್ಚಿ, ಮಾತ್ರೆ ನುಂಗುವ ಹಾಗೆ ನೀರಿನ ಜೊತೆ ನುಂಗುವುದನ್ನು ಹೊಸ್ತಿಲಲ್ಲಿ ಕೂತು ನೋಡಿದ್ದೇನೆ. ಚಿಕ್ಕಂದಿನಲ್ಲಿ ಅವಳಿಗೆ ಪಾವೆಂದರೆ ಪ್ರಾಣವಾಗಿತ್ತಂತೆ.

ಐದನೇ ವಾರ ನಾಗವೇಣಿ, "ಸಾಕು. ಇನ್ನು ನಾ ತಿನ್ಸುದಿಲ್ಲ" ಎಂದಳು. ನಾನು ಇನ್ನೊಂದು ವಾರ ಎನ್ನಲಿಲ್ಲ. ಹಾಗೆ ಹೇಳುವ ಹಕ್ಕು ನನಗೆ ಇರಲಿಲ್ಲ. ಫೋನು ಹಚ್ಚಿ ಡಾಕ್ಟರ್ ಬಾಯಿಯನ್ನು ಅವಳ ಜೊತೆ ಮಾತಾಡಿಸಿದೆ. ಹುಡುಗಿಗೆ ತಡೆಯಲಾಗದಿದ್ದರೆ ನಿಲ್ಲಿಸಬಹುದು, ರಕ್ತ ಈಗಲೇ ತೆಗೆಯೋಣ ಎಂದು ಅವರು ಹೇಳಿದ್ದು ನನಗೂ ಕೇಳಿಸಿತು. ಅಶ್ವಿನಿ ಒಳಗಿನಿಂದ, "ಈಗ ಬಿಟ್ರೆ ತಿಂದದ್ದೆಲ್ಲ ದಂಡ ಆಗ್ತದೆ ಅವ್ವಾ" ಎಂದಳು. ಆರನೇ ವಾರವೂ ತಿಂದಳು. ರಕ್ತ ಕೊಟ್ಟಳು. ಎರಡು ದಿನ ಬಿಟ್ಟು ಹುಬ್ಬಳ್ಳಿಗೆ ಹೋಗಿ, ಗಂಟಲಿನಿಂದ ನಳಿಗೆ ಇಳಿಸಿ ಕರುಳಿನ ಚೂರು ತೆಗೆಸಿಕೊಂಡು, ಅಂದೇ ಪಾವು ಬಿಟ್ಟಳು.

ಅದು ನನ್ನ ಕೆಲಸದ ಕೊನೆಯ ವಾರ. ಮಳೆ ಹಿಡಿದಿತ್ತು. ತಾಯಿ ಮಗಳು ಹುಬ್ಬಳ್ಳಿಯ ಫೈಲು ಹಿಡಿದು ಕಾರವಾರಕ್ಕೆ ಬಂದರು. ನಮ್ಮ ರಕ್ತದ ವರದಿಯ ಲಕೋಟೆಯನ್ನು ನಾನು ನಾಗವೇಣಿಯ ಕೈಗೆ ಕೊಟ್ಟೆ. ಅವಳು ಬಿಚ್ಚಲಿಲ್ಲ. ಎಂತ ಬಂದದೆ ಎಂದು ಕೇಳಲಿಲ್ಲ. "ಡಾಕ್ಟ್ರು ನೋಡ್ಲಿ" ಎಂದು ಲಕೋಟೆಯನ್ನು ಫೈಲಿನೊಳಗಿಟ್ಟು ಮಗಳ ಜೊತೆ ಮೆಟ್ಟಿಲು ಹತ್ತಿದಳು. ಅವಳು ಮಾಡಿದ್ದೇ ಸರಿ.

ಮುಕ್ಕಾಲು ಗಂಟೆಯ ಮೇಲೆ ಇಳಿದು ಬಂದು, ನನ್ನ ಮೇಜಿನ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ನಾಯ್ಕರೆ, ಕೇಳಿ. ಹೇಳ್ತೆ."

ಶುರುವಿನಿಂದ ಹೇಳಿದಳು. ಕಾಯಿಲೆ ಅದೇ ಹೌದಂತೆ. ರಕ್ತದ ಅಂಕಿ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಂತೆ. ಕರುಳಿನೊಳಗೆ ಟವೆಲಿನ ನೂಲಿನ ಹಾಗೆ ಇರುತ್ತದಂತೆ, ಇವಳದು ಸವೆದು ನುಣ್ಣಗಾಗಿದೆಯಂತೆ, ಬಿಟ್ಟರೆ ಮತ್ತೆ ಬೆಳೆಯುತ್ತದಂತೆ. ಹಿಂಗೂ ಬೇಡವಂತೆ. ಸಣ್ಣವನಿಗೂ ರಕ್ತ ನೋಡಬೇಕಂತೆ, ನೋಡುವ ತನಕ ಅವನಿಗೆ ಪಾವು ಬಿಡಿಸಬಾರದಂತೆ. ಹಾಸ್ಟೆಲಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಚೀಟಿಯನ್ನು ಮಗಳ ಕೈಯಿಂದ ತೆಗೆದು ನನಗೆ ತೋರಿಸಿದಳು.

ಆ ಅಂಕಿಯನ್ನು ಹಿಂದಿನ ದಿನ ನೋಡಿ ಲಕೋಟೆಗೆ ಹಾಕಿದವನು ನಾನೇ. ಅವಳು ಹೇಳಿದ್ದರಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಿಲ್ಲ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಅವಳು ಒಂದೆರಡು ಕಡೆ ತಪ್ಪಿ, ಮತ್ತೆ ಹಿಂದೆ ಹೋಗಿ ಸರಿ ಮಾಡಿಕೊಂಡು ಹೇಳಿದಳು. ನಾನು ನಡುವೆ ಬಾಯಿ ಹಾಕಲಿಲ್ಲ.

"ತಿಳೀತಾ?" ಎಂದು ಕೇಳಿದಳು.

"ತಿಳೀತು" ಎಂದೆ.